ಆಚೆವಾರ

"ಶಾಸ್ತ್ರಿಗಳೇ, ಇವತ್ತು ಯಾವ ವಾರ?"

ಕಾಶಿಯ ಹನುಮಾನ್ ಘಾಟಿನಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತು ಅರ್ಘ್ಯ ಬಿಡುತ್ತಿದ್ದ ಚಿದಾನಂದ ತಿರುಗಿ ನೋಡಿದ. ಮೆಟ್ಟಿಲ ಮೇಲೆ ಬಿಳಿ ಸೀರೆಯ ಹುಡುಗಿ, ಸೊಂಟದಲ್ಲಿ ಹಿತ್ತಾಳೆ ಬಿಂದಿಗೆ. ತನ್ನನ್ನು ಗೇಲಿ ಮಾಡುತ್ತಿದ್ದಾಳೆ ಅನ್ನಿಸಿತು.

"ಮನೇಲಿ ಕ್ಯಾಲೆಂಡರ್ ಇಲ್ವಾ?" ಎಂದು ಸಿಡುಕಿದ.

"ಇದೆ. ನಮ್ಮತ್ತೆಗೆ ಅದರ ಮೇಲೆ ನಂಬಿಕೆ ಇಲ್ಲ. ಗಂಗೇಲಿ ನಿಂತವರ ಬಾಯಿಂದಲೇ ಕೇಳ್ಕೊಂಡು ಬಾ ಅಂದ್ರು. ಉಪವಾಸ ತಪ್ಪೀತು ಅಂತ ಭಯ ಅವರಿಗೆ."

ಅವನ ಕಿವಿ ಕೆಂಪಾಯಿತು. "ಸೋಮವಾರ," ಎಂದ ಮೆತ್ತಗೆ.

"ಸಿಟ್ಟಿನ ಸೋಮವಾರ ಅಂತ ಹೇಳ್ಲಾ?" ಎಂದವಳೇ ಬಿಂದಿಗೆ ತುಂಬಿಕೊಂಡು ಹೊರಟುಹೋದಳು.

ಅವಳು ಅಂಬುಜಾಕ್ಷಿ. ಮದುವೆಯಾದ ವರ್ಷವೇ ಗಂಡ ತೀರಿಕೊಂಡಿದ್ದ. ಕಾಶಿಯಲ್ಲೇ ಕಣ್ಣು ಮುಚ್ಚುತ್ತೇನೆಂದು ಹಟ ಹಿಡಿದ ಅತ್ತೆ ನಂಜಮ್ಮನ ಜೊತೆ ಬಂಗಾಲಿ ಟೋಲಾ ಕೇರಿಯ ಒಂದು ಕೋಣೆಗೆ ಬಂದಿದ್ದಳು. ಚಿದಾನಂದ ಬೆಳಿಗ್ಗೆ ಯಾತ್ರಿಕರಿಗೆ ಪೂಜೆ ಮಾಡಿಸುವನು, ಸಂಜೆ ಮಠದ ಜಗಲಿಯಲ್ಲಿ ಪುರಾಣ ಓದುವನು. ಪದ್ಯದ ಕೊನೆಯಲ್ಲಿ ಅವನ ಉಸಿರು ನಿಂತಾಗ, ಕಂಬದ ಹಿಂದೆ ಕೂತು ಕೇಳುತ್ತಿದ್ದ ಅಂಬುಜಾಕ್ಷಿಯ ಉಸಿರೂ ನಿಲ್ಲುತ್ತಿತ್ತು. ಅದು ಅವನಿಗೆ ಹೇಗೋ ಕೇಳಿಸುತ್ತಿತ್ತು.

ದಿನವೂ ಅದೇ ಪ್ರಶ್ನೆ. ವಾರ ಗೊತ್ತಿದ್ದೂ ಅವಳು ಕೇಳುತ್ತಾಳೆಂದು ಅವನಿಗೆ ಗೊತ್ತು. ಗೊತ್ತೆಂದು ಅವಳಿಗೂ ಗೊತ್ತು.

ಒಂದು ಬೆಳಿಗ್ಗೆ ಅವಳ ಮುಖ ಬಾಡಿತ್ತು. "ಏಳು ವಾರಕ್ಕೂ ಒಬ್ಬೊಬ್ಬ ಯಜಮಾನ ಇದ್ದಾನೆ, ಶಾಸ್ತ್ರಿಗಳೇ. ಎಲ್ಲರಿಗೂ ಉಪವಾಸ ಇರ್ತೀನಿ. ನನ್ನದು ಅಂತ ಒಂದು ವಾರ ಇಲ್ಲ ನೋಡಿ."

"ಎಂಟನೇದೊಂದು ಮಾಡ್ಕೊಳ್ಳೋಣ."

ಹೇಳಿದ ಮೇಲೆ ಅವನಿಗೇ ಗಾಬರಿಯಾಯಿತು. ಅವಳು ಬಿಂದಿಗೆಯ ಕಂಠವನ್ನು ಸೆರಗಿನಿಂದ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು.

"ಹೆಸರು?"

"ಜಲೇಬಿವಾರ."

"ಥೂ, ಹೊಟ್ಟೆಬಾಕ ಶಾಸ್ತ್ರಿಗಳು!"

"ಹಾಗಾದ್ರೆ ನೀವೇ ಹೇಳಿ."

ಅವಳು ನದಿಯತ್ತ ನೋಡಿದಳು. ಈಚೆ ದಡದ ತುಂಬ ಗುಡಿ, ಗಂಟೆ, ಹೊಗೆ. ಆಚೆ ಬರೀ ಮರಳು. ಒಂದು ಮನೆಯಿಲ್ಲ, ನೋಡುವ ಒಂದು ಕಣ್ಣಿಲ್ಲ.

"ಆಚೆವಾರ," ಎಂದಳು.

ಆಚೆವಾರ ಉಪವಾಸವಿಲ್ಲ. ಆಚೆವಾರ ದೋಣಿಯಲ್ಲಿ ನದಿಯ ಮೇಲ್ಗಡೆ ಇರುವ ರಾಮನಗರದ ಕೋಟೆಗೆ ಹೋಗಬಹುದು. ಅವಳು ನೀಲಿ ಗಾಜಿನ ಬಳೆ ತೊಡಬಹುದು, ಕಂಬದ ಮರೆಯಿಲ್ಲದೆ ಎದುರಿಗೇ ಕೂತು ಪುರಾಣ ಕೇಳಬಹುದು.

"ಅದು ಬರೋದು ಯಾವಾಗ?" ಎಂದ.

"ಶನಿವಾರ ಮುಗಿದ ಮೇಲೆ, ಭಾನುವಾರ ಬರೋಕೆ ಮುಂಚೆ."

ಇಬ್ಬರೂ ನಕ್ಕರು.

ಮಾಘದಲ್ಲಿ ನಂಜಮ್ಮ ಬಯಸಿದಂತೆಯೇ ಕಾಶಿಯಲ್ಲಿ ಕಣ್ಣು ಮುಚ್ಚಿದರು. ಕರ್ಮಗಳೆಲ್ಲ ಮುಗಿದ ಮೇಲೆ ಅಂಬುಜಾಕ್ಷಿಯ ಅಣ್ಣ ಗುಂಡಪ್ಪ, ಹೆಗಲಿಗೆ ಟ್ರಾನ್ಸಿಸ್ಟರ್ ನೇತುಹಾಕಿಕೊಂಡು, ಅವಳನ್ನು ಊರಿಗೆ ಕರೆದೊಯ್ಯಲು ಬಂದ.

ಹೊರಡುವ ಹಿಂದಿನ ದಿನ ಅವಳು ನೀರಿಗೆ ಬಂದಳು. ಅವನು ಪ್ರಶ್ನೆಗೆ ಕಾಯಲಿಲ್ಲ.

"ಇಲ್ಲೇ ಉಳ್ಕೊಳ್ಳಿ, ಅಂಬುಜಾಕ್ಷಿ. ಕಚೇರೀಲಿ ರಿಜಿಸ್ಟರ್ ಮದುವೆ ಆಗಬಹುದು. ಮಠ ಬಿಡಿಸಿದ್ರೆ ಬಿಡಿಸಲಿ, ನಾನು ತಯಾರಿದ್ದೀನಿ."

ಅವಳು ನೀರಿನಲ್ಲಿ ಬಿಂದಿಗೆ ಅದ್ದಿದಳು. ತುಂಬಿದ ಮೇಲೆ ಮೆಟ್ಟಿಲ ಮೇಲೆ ಎತ್ತಿಟ್ಟಳು.

"ತಂಗಿಗೆ ಇನ್ನೂ ಗಂಡು ಗೊತ್ತಾಗಿಲ್ಲ. ಅಕ್ಕ ಎರಡನೇ ಮದುವೆ ಆದಳು ಅಂದ್ರೆ ಅವಳ ಮುಖ ಯಾರು ನೋಡ್ತಾರೆ? ಇವತ್ತು ಬುಧವಾರ, ಶಾಸ್ತ್ರಿಗಳೇ. ಏಳು ವಾರವೂ ನಾನು ಅವರ ಮನೆ ಸೊಸೆ, ಇವರ ಮನೆ ಮಗಳು. ನೀವು ಕೇಳೋದನ್ನ ಎಂಟನೇ ವಾರ ಕೇಳಬೇಕಿತ್ತು."

"ಕೇಳಿದ್ರೆ?"

ಅವಳು ತಲೆಯೆತ್ತಿ ನೇರವಾಗಿ ನೋಡಿದಳು. ಕಣ್ಣು ತುಂಬಿತ್ತು.

ಕಾಶಿ ಬಿಡುವವರು ಗಂಗಾಪೂಜೆ ಮಾಡಿ ತಾಯಿಯ ಅಪ್ಪಣೆ ಪಡೆಯಬೇಕು. ಮರುದಿನ ಅಣ್ಣ ತಂಗಿ ಚಿದಾನಂದನ ಮುಂದೆಯೇ ಕೂತರು. ಸಂಕಲ್ಪದಲ್ಲಿ ದೇಶ, ಮಾಸ, ತಿಥಿ, ವಾರ ಒಂದು ತಪ್ಪಿದರೂ ಪೂಜೆ ಸಲ್ಲುವುದಿಲ್ಲವೆಂದು ತಂದೆ ಅವನಿಗೆ ಕಲಿಸಿದ್ದರು. ಈವರೆಗೆ ಅವನು ತಪ್ಪಿದವನಲ್ಲ. ಅವನು ಹೇಳುತ್ತ ಹೋದ, ಗುಂಡಪ್ಪ ಅದನ್ನೇ ಹಿಂದಿನಿಂದ ಹೇಳುತ್ತ ಬಂದ. ಮಾಸ ಬಂತು, ಪಕ್ಷ ಬಂತು, ತಿಥಿ ಬಂತು. ಗುರುವಾಸರೇ ಎನ್ನಬೇಕಾದಲ್ಲಿ ಚಿದಾನಂದ ಆಚೆ ದಡದ ಮರಳಿನತ್ತ ನೋಡಿದ.

"ಆಚೆವಾಸರೇ," ಎಂದ.

ಗುಂಡಪ್ಪ ತಡೆದ. "ಏನಂದ್ರಿ? ಆಚೆ...?"

ಅಂಬುಜಾಕ್ಷಿ ಕೈಯಲ್ಲಿದ್ದ ಅಕ್ಷತೆಯ ಬಟ್ಟಲನ್ನು ಕೆಳಗಿಟ್ಟಳು.

"ಹೇಳಣ್ಣ," ಎಂದಳು ತಲೆ ತಗ್ಗಿಸಿ. "ಕಾಶಿ ಕಡೆ ಹಾಗೇ ಹೇಳೋದು."

"ಆಚೆವಾಸರೇ," ಎಂದ ಗುಂಡಪ್ಪ, ಭಕ್ತಿಯಿಂದ.

ಪೂಜೆ ಮುಗಿಯಿತು. ಗುಂಡಪ್ಪ ಗಂಗೆಯ ಗಿಂಡಿಗಳನ್ನು ಎತ್ತಿಕೊಂಡು, ರಿಕ್ಷಾ ಕಾಯ್ತಿದೆ ಬಾರೇ ಎನ್ನುತ್ತ ಮೆಟ್ಟಿಲು ಹತ್ತಿದ. ಅವಳು ಒಂದು ಗಳಿಗೆ ಹಿಂದೆ ಉಳಿದಳು.

"ಪೂಜೆ ಸಂದಿತಾ, ಶಾಸ್ತ್ರಿಗಳೇ?"

"ಇಲ್ಲ. ಹೋಗೋಕೆ ಅಪ್ಪಣೆ ಆಗಿಲ್ಲ ನಿಮಗೆ."

"ಗೊತ್ತು," ಎಂದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಮೆಟ್ಟಿಲು ಹತ್ತಿಹೋದಳು.

ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಿತ್ತು. ಅವನು ಮಾಡಿಕೊಳ್ಳಲಿಲ್ಲ.

ಮಾರನೇ ಬೆಳಿಗ್ಗೆ ಎಂದಿನಂತೆ ನೀರಿಗಿಳಿದು ಅರ್ಘ್ಯ ಬಿಟ್ಟ. ಯಾರೂ ಏನೂ ಕೇಳಲಿಲ್ಲ. ತಿರುಗಿ, ಖಾಲಿ ಮೆಟ್ಟಿಲಿಗೆ ಮೆತ್ತಗೆ ಹೇಳಿದ:

"ಶುಕ್ರವಾರ."