ಮಾತು ಕೇಳದ ಬಲಗೈ

"ನಿಮಗೆ ಕೋಪ ಗಿಡದ ಮೇಲಾ, ನನ್ನ ಮೇಲಾ?"

ಬೆನ್ನ ಹಿಂದಿನಿಂದ ಬಂದ ಪ್ರಶ್ನೆಗೆ ಅವಳು ತಿರುಗಲಿಲ್ಲ. ಮೈಕ್ರೋಸ್ಕೋಪಿನ ಕೆಳಗೆ, ಕೂದಲಿಗಿಂತ ತೆಳುವಾದ ಗಾಜಿನ ಸೂಜಿ ಎಲೆಯನ್ನು ಸೀಳಿ ಮುರಿದುಬಿದ್ದಿತ್ತು. ಬೆಳಗಿನಿಂದ ಅದು ಎಷ್ಟನೆಯದೋ...

"ಸೂಜಿ ಸರಿಯಿಲ್ಲ," ಎಂದಳು.

"ಕುಣಿಯೋಕೆ ಬಾರದವರಿಗೆ ನೆಲ ಡೊಂಕಂತೆ."

ಆಗ ತಿರುಗಿದಳು. ಮಣ್ಣು ಮೆತ್ತಿದ ಕೈ, ಕಿವಿಯ ಹಿಂದೆ ಪೆನ್ಸಿಲ್. ಪ್ರವಾಸ ಮುಗಿಸಿ ಅಂದೇ ಮರಳಿದ ಸಸ್ಯವಿಜ್ಞಾನಿ. ವಿದ್ಯಾರ್ಥಿಗಳ ಬಾಯಲ್ಲಿ 'ಸೊಪ್ಪಿನ ಡಾಕ್ಟ್ರು'. ಅವನ ಪ್ರಯೋಗಾಲಯಕ್ಕೆ ಅವಳು ಬಂದು ವಾರವಾಗಿತ್ತಷ್ಟೆ.

ಅವಳು ಓದಿದ್ದು ಭೌತಶಾಸ್ತ್ರ. ಆಮೇಲೆ ಹಿಡಿದದ್ದು ಜೀವಭೌತಶಾಸ್ತ್ರ. ನರದ ಒಂದೊಂದೇ ಜೀವಕೋಶಕ್ಕೆ ಸೂಜಿ ತೂರಿಸಿ, ಅಲ್ಲಿನ ವಿದ್ಯುತ್ತನ್ನು ಅಳೆಯುವ ಕೆಲಸ. ಅವಳ ಸೂಜಿ ಗುರಿ ತಪ್ಪುವುದಿಲ್ಲ ಎಂಬ ಹೆಸರಿತ್ತು. ಹುಳ ಒಂದು ಎಲೆ ಕಡಿದರೆ ಉಳಿದ ಎಲೆಗಳಿಗೂ ಆ ಸುದ್ದಿ ವಿದ್ಯುತ್ತಾಗಿ ಮುಟ್ಟುತ್ತದೆ ಎಂದು ತಿಳಿದ ದಿನ ಅವಳ ತಲೆ ಕೆಟ್ಟಿತು. ನರವೇ ಇಲ್ಲದ ಗಿಡ ಅದನ್ನು ಹೇಗೆ ಸಾಗಿಸುತ್ತದೆ? ಆ ಪ್ರಶ್ನೆಯ ಬೆನ್ನು ಹತ್ತಿ, ನಲವತ್ತರ ಹೊಸ್ತಿಲಲ್ಲಿ ಗಿಡಗಳ ಲೋಕಕ್ಕೆ ಬಂದಿದ್ದಳು. ಇಲ್ಲಿ ಅವಳು 'ಕರೆಂಟ್ ಮೇಡಂ'.

ಜಗಳದಿಂದ ಶುರುವಾದದ್ದು ಜಗಳದಲ್ಲೇ ನಿಲ್ಲಲಿಲ್ಲ. ಯಾವ ಎಲೆ ಎಳೆಯದು, ಯಾವುದು ಬಲಿತದ್ದು ಎಂದು ಅವನು ಕಲಿಸಿದ. ಪರದೆಯ ಮೇಲಿನ ಗೆರೆ ಓದುವುದನ್ನು ಅವಳು ಕಲಿಸಿದಳು. ಒಂದು ಮಧ್ಯಾಹ್ನ ಸೂಜಿ ಸರಿಯಾಗಿ ಕೂತಿತು. ಅವನು ಎಲೆಯ ತುದಿ ಕತ್ತರಿಸಿದ. ಗೆರೆ ಸರ್ರನೆ ಮೇಲೆದ್ದಿತು.

"ಬೈತಾ ಇದೆ ನನ್ನ," ಎಂದ ಅವನು, ಮೆಲ್ಲಗೆ.

"ಬೈಸ್ಕೊಳ್ಳೋ ಕೆಲಸಾನೇ ಮಾಡಿದ್ರಲ್ಲ."

ಇಬ್ಬರೂ ನಕ್ಕರು. ಅಂದಿನಿಂದ ಅವನ ಕುರ್ಚಿ ಅವಳ ಮೇಜಿನ ಪಕ್ಕಕ್ಕೆ ಬಂತು.

ಆದರೆ ಸೂಜಿ ಹಾಗೆ ಮತ್ತೆ ಕೂರಲಿಲ್ಲ. ಕೇಳಿದರೆ "ನಾಳೆ ಆಗುತ್ತೆ" ಎನ್ನುವಳು. ಒಂದು ದಿನ ಅವಳು ಫೋನಿನಲ್ಲಿ ಹೇಳುತ್ತಿದ್ದುದು ಅವನ ಕಿವಿಗೆ ಬಿತ್ತು.

"ಇಲ್ಲಿ ಇರೋಕಾಗಲ್ಲ ಅಕ್ಕ... ಬಿಟ್ಟು ಬಂದ್ಬಿಡ್ತೀನಿ."

ಅವನು ಬಾಗಿಲಿನಿಂದಲೇ ಹಿಂದೆ ಸರಿದ. 'ಇವಳಿಗೆ ಗಿಡವೂ ಬೇಡ, ನಾನೂ ಬೇಡ...' ನೇರವಾಗಿ ಕೇಳುವ ಧೈರ್ಯವಾಗಲಿಲ್ಲ. ಅವಳ ಸೂಜಿ-ಮೈಕ್ರೋಸ್ಕೋಪಿನ ಉಪಕರಣವನ್ನು ಮನಸ್ಸಿಟ್ಟು ದುಡಿಯುವವರಿಗೆ ಕೊಡಿ ಎಂದು ನಿರ್ದೇಶಕರಿಗೆ ಹೇಳಿಬಂದ.

ನಿರ್ದೇಶಕರು ಅದನ್ನು ಬೇರೆ ತಂಡಕ್ಕೆ ಕೊಟ್ಟರು. ಕೇಳಿದವನು ಯಾರು ಎಂಬುದನ್ನೂ ಅವಳಿಗೆ ಹೇಳಿದರು.

ಅವಳು ಗಿಡಗಳ ಗಾಜಿನ ಮನೆಗೆ ಬಂದಾಗ ಅವನು ಕುಂಡಗಳಿಗೆ ನೀರು ಬಿಡುತ್ತಿದ್ದ.

"ಮನಸ್ಸಿಟ್ಟು ದುಡಿಯಲ್ವಾ ನಾನು?"

ಅವನು ಉತ್ತರಿಸುವ ಮೊದಲೇ ಅವಳು ಬಲಗೈ ಚಾಚಿದಳು. ಬೆರಳುಗಳು ತಮ್ಮ ಪಾಡಿಗೆ ತಾವು ನಡುಗುತ್ತಿದ್ದವು.

"ನಮ್ಮಮ್ಮನಿಗೂ ಹೀಗೇ ಶುರುವಾಗಿದ್ದು. ಕೊನೆಕೊನೆಗೆ ಲೋಟ ಎತ್ತೋಕಾಗ್ತಿರ್ಲಿಲ್ಲ. ಔಷಧಿಯಿಂದ ಸ್ವಲ್ಪ ತಡ ಆಗುತ್ತೆ, ವಾಸಿಯಾಗಲ್ಲ ಅಂದ್ರು ಡಾಕ್ಟ್ರು. ತಲೆಗೆ ಎಲ್ಲ ಗೊತ್ತು... ಕೈ ಮಾತ್ರ ಮಾತು ಕೇಳಲ್ಲ."

ಅವನ ಕೈಯಿಂದ ಪೈಪು ಜಾರಿತು. ನಿರ್ದೇಶಕರ ಕೋಣೆಗೆ ಓಡಿದ.

ಮರಳಿ ಬಂದಾಗ ಮುಖ ಸೋತಿತ್ತು. ಅವಳು ಅಲ್ಲೇ ಒಂದು ಖಾಲಿ ಕುಂಡವನ್ನು ಬೋರಲು ಹಾಕಿ ಕೂತಿದ್ದಳು.

"ಬೇಡ್ಕೊಂಡೆ. ಆಗಲ್ಲ ಅಂದ್ರು. ಸಹಿ ಆಗೋಗಿದೆಯಂತೆ." ಅವನು ಒದ್ದೆ ನೆಲದ ಮೇಲೇ ಕುಳಿತ. "ನನ್ನ ಕೈಯಾರೆ ನಿಮ್ಮ ಕೆಲಸ ಕಿತ್ಕೊಂಡೆ. ಈಗ ವಾಪಸ್ ಕೊಡ್ಸೋಕೂ ಆಗ್ತಿಲ್ಲ."

"ನೀವು ಕಿತ್ಕೊಳ್ದಿದ್ರೂ ಅದು ಹೋಗ್ತಿತ್ತು."

ಆ ಸಮಾಧಾನ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಕನಿಕರ ಪಡ್ತೀರಿ ಅಂತ. ನಿಮ್ಮಿಂದ ಅದು ಬೇಡವಾಗಿತ್ತು." ಆಮೇಲೆ ಅವಳೇ ಕೇಳಿದಳು, "ನೀವ್ಯಾಕೆ ನನ್ನನ್ನೇ ಕೇಳ್ಲಿಲ್ಲ?"

"ಬಿಟ್ಟು ಹೋಗ್ತೀನಿ ಅಂತ ನಿಮ್ಮ ಬಾಯಿಂದಾನೇ ಕೇಳೋಕೆ ಭಯ ಆಯ್ತು." ಅವನು ನೆಲ ನೋಡಿದ. "ಇಷ್ಟ ಪಟ್ಟಿದ್ದೆ. ಹೇಳೋಕೆ ಬರದೆ ಹೋಗಿ ದೂರು ಕೊಟ್ಟೆ. ನನ್ನಂಥ ದಡ್ಡ ಇನ್ನೊಬ್ಬ ಇರ್ಲಿಕ್ಕಿಲ್ಲ."

ಅವಳ ಕಣ್ಣು ತುಂಬಿತು. ಇಷ್ಟು ದಿನ ಬೇಕಾಗಿದ್ದ ಮಾತು... ಕೈಯಲ್ಲಿ ಏನೂ ಉಳಿಯದ ಹೊತ್ತಿಗೆ ಬಂದಿತ್ತು.

"ಮುಂದೆ ನನಗೆ ಗುಂಡಿ ಹಾಕ್ಕೊಳ್ಳೋಕೂ ಆಗಲ್ಲ. ಅಮ್ಮನ್ನ ನೋಡ್ಕೊಂಡಿದ್ದೀನಿ, ನನಗೆ ಗೊತ್ತು. ಬೇಸರ ಬರುತ್ತೆ ನಿಮಗೆ."

"ಬರುತ್ತೆ."

ಅವಳು ಬೆಚ್ಚಿ ನೋಡಿದಳು.

"ಬರಲ್ಲ ಅಂತ ಸುಳ್ಳು ಹೇಳಲ್ಲ. ಬೇಸರ ಬಂದ ದಿನ ಸಿಡುಕ್ತೀನಿ. ಆಮೇಲೆ ನಾನೇ ಬಂದು ಗುಂಡಿ ಹಾಕ್ತೀನಿ."

ಹೊರಗೆ ಯಾರೋ ಹೊಸ ತಂಡಕ್ಕಾಗಿ ಅವಳ ಮೇಜನ್ನು ಎಳೆದೊಯ್ಯುವ ಸದ್ದು ಕೇಳುತ್ತಿತ್ತು. ಇಬ್ಬರೂ ಎದ್ದು ಹೋಗಿ ತಡೆಯಲಿಲ್ಲ. ಅವಳು ಕುಂಡದಿಂದಿಳಿದು ಅವನ ಪಕ್ಕದಲ್ಲಿ, ಅದೇ ಒದ್ದೆಯಲ್ಲಿ ಕುಳಿತಳು.

"ನಾನೂ ಸಿಡುಕ್ತೀನಿ," ಎಂದಳು.

"ಸರಿ."

"ಜಾಸ್ತೀನೇ."

"ಹೂಂ... ಇನ್ನೊಂಚೂರು ಈ ಕಡೆ ಬಾ."