ಅರಗು ಹಿಡಿಯದ ಸೀಸೆ

"ಹ್ವಾಯ್ ದುಗ್ಗಪ್ಪ, ರಿಕ್ಷಾ ತೆಗಿ! ಊಟ ಆಮೇಲೆ ಮಾಡ್ಲಕ್ಕ್!"

ಸಾಲಿಗ್ರಾಮದ ಮನೆಯ ಗೇಟಿನಿಂದ ಪದ್ಮಾಕ್ಷಿ ಹಂದೆಯವರು ಹೀಗೆ ಕೂಗಿದಾಗ ದುಗ್ಗಪ್ಪನ ಕೈಯಲ್ಲಿ ಬಂಗುಡೆ ಸಾರು ಕಲಸಿದ ತುತ್ತಿತ್ತು. ಅದನ್ನು ನುಂಗಿ, ಬುತ್ತಿಗೆ ಮುಚ್ಚಳ ಹಾಕಿ, ರಿಕ್ಷಾ ಚಾಲೂ ಮಾಡಿದ. ಮೂವತ್ತನಾಲ್ಕು ವರ್ಷ ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತರಾದ ಈ ಅಮ್ಮ ಊಟದ ಹೊತ್ತಿಗೆ ಕೂಗಿದರೆಂದರೆ ಎಲ್ಲೋ ಕಳ್ಳಾಟ ನಡೆದಿದೆ ಎಂದೇ ಅರ್ಥ. ಅವರು ಬಿಡಿಸಿದ ಹನ್ನೊಂದು ಪ್ರಕರಣಗಳಿಗೂ ಓಡಿದ್ದು ತನ್ನ ರಿಕ್ಷಾವೇ ಎಂಬ ಜಂಬ ದುಗ್ಗಪ್ಪನಿಗೆ ತುಸು ಹೆಚ್ಚೇ ಇತ್ತು.

"ಹೃಷಿಕೇಶ ಹೊಳ್ಳರ ಗೇರುಬೀಜದ ಕಾರ್ಖಾನೆಗೆ. ವಂಡ್ಸೆ ದಾರಿ. ಐದು ಗಂಟೆ ಒಳಗೆ ಕಳ್ಳ ಸಿಕ್ಕದಿದ್ರೆ ನೂರ ನಲವತ್ತು ಹೆಂಗಸ್ರ ಕೆಲ್ಸ ಹೋತ್ತ್," ಎಂದರು ಅವರು.

ಹೆದ್ದಾರಿಯಲ್ಲಿ ಬಸ್ಸುಗಳ ಹಾರ್ನಿನ ನಡುವೆ ಉಳಿದ ಕತೆ ಹೇಳಿದರು. ಶ್ರೀಲಂಕಾದ ಚಹಾ ಕಾರ್ಖಾನೆಗಳಿಗೆ ಬಾಯ್ಲರ್ ಉರಿಸಲು ಡೀಸೆಲ್ ದುಬಾರಿಯಾಗಿತ್ತು. ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆ ಅದರ ಬದಲಿಗೆ ಆಗುತ್ತದೆಂದು ತಿಳಿದು, ಅಲ್ಲಿನ ಸರಕಾರ ದಿಲ್ರುಕ್ಷಿ ಎಂಬ ಅಧಿಕಾರಿಯನ್ನು ಕಳಿಸಿತ್ತು. ಎಣ್ಣೆ ಸರಿ ಉರಿದರೆ ಐದು ವರ್ಷದ ಒಪ್ಪಂದ. ಐದು ಗಂಟೆಗೆ ಆಕೆ ರೈಲಿಗೆ ಹೊರಡುವವರು. ತಿಂಗಳಲ್ಲಿ ಹದಿನೈದೇ ದಿನ ನಡೆಯುತ್ತಿದ್ದ ಕಾರ್ಖಾನೆ ಆಗ ಮತ್ತೆ ಪೂರ್ತಿ ಓಡುವುದಿತ್ತು.

ಬೆಳಿಗ್ಗೆ ಹತ್ತಕ್ಕೆ ಎಲ್ಲರೆದುರು ಸೀಸೆಗೆ ಎಣ್ಣೆ ತುಂಬಿ, ಅರಗಿನ ಮುದ್ರೆ ಒತ್ತಿ, ಆಫೀಸಿನ ಕಪಾಟಿನಲ್ಲಿ ಇಟ್ಟಿದ್ದರು. ಊಟದ ನಂತರ ಒಂದು ಗಂಟೆಗೆ ತೆಗೆದು ಉರಿಸಿದರೆ ಒಲೆ ಚಟಪಟ ಎಂದು ಆರಿಹೋಯಿತು. ಎಣ್ಣೆಯಲ್ಲಿ ನೀರು! ಕಪಾಟಿನ ಕೀಲಿ ನಾಗು ಎಂಬ ಹಳೆಯ ಮೇಸ್ತ್ರಿಯ ಸುಪರ್ದಿಯಲ್ಲಿತ್ತು. ತಪ್ಪೆಲ್ಲ ಅವಳ ತಲೆಗೆ ಬಂದಿತ್ತು.

ಕಾರ್ಖಾನೆಯ ಗೇಟಿನ ಬಳಿ ಇಸ್ತ್ರಿ ಅಂಗಿಯ ಒಬ್ಬಾತ ಫೋನಿನಲ್ಲಿದ್ದ. "ಹಾಂ ಸೇಠ್, ಶಾಮ್ ತಕ್ ಬತಾತಾ ಹೂಂ," ಎಂದು ಸಂಜೆಯೊಳಗೆ ಸುದ್ದಿ ಕೊಡುವುದಾಗಿ ಹಿಂದಿಯಲ್ಲಿ ಹೇಳಿದವನು ಇವರನ್ನು ಕಂಡು ಫೋನು ಕಿಸೆಗೆ ಹಾಕಿದ. ಆತನೇ ಪ್ರೇಮಾನಂದ. ರಫ್ತಿನ ವ್ಯವಹಾರ ನೋಡಿಕೊಳ್ಳಲು ಹೊಳ್ಳರು ಅವನನ್ನು ಮುಂಬೈಯಿಂದ ಕರೆಸಿದ್ದರು.

"ಈ ಎಣ್ಣೆಯ ವಿಷಯ ನನಗೇನೂ ಗೊತ್ತಿಲ್ಲ ಮೇಡಂ. ನಾನು ಕಾಗದಪತ್ರದ ಮನುಷ್ಯ. ಗೇರುಬೀಜವನ್ನು ಪ್ಲೇಟಿನಲ್ಲಿ ಮಾತ್ರ ನೋಡಿದವನು," ಎಂದು ಆತ ನಕ್ಕ.

ಆಫೀಸಿನ ಮೂಲೆಯಲ್ಲಿ ನಾಗು ಗೋಡೆಗೊರಗಿ ನಿಂತಿದ್ದಳು. "ನಾ ಮಾಡ್ಲಿಲ್ಲ ಅಮ್ಮ. ಕೀಲಿ ಆ ಮೊಳೆಗೇ ನೇತಾಡ್ತಿತ್ತ್. ಊಟದ ಹೊತ್ತಿಗೆ ಯಾರ್ ಬೇಕಾರೂ ಬಪ್ಪುಕಾತ್ತ್. ಮೂವತ್ತ್ ವರ್ಷ ಆಯ್ತ್, ಒಂದ್ ಬೀಜ ಮನಿಗೆ ತಕಂಡ್ ಹೋಯ್ಲಿಲ್ಲ ನಾನ್," ಎಂದಳು.

ಊಟದ ಹೊತ್ತಿನಲ್ಲಿ ಒಬ್ಬೊಬ್ಬರೇ ಆಫೀಸಿಗೆ ಬಂದುಹೋದವರು ನಾಲ್ವರು: ಹೊಳ್ಳರು, ಪ್ರೇಮಾನಂದ, ದಿಲ್ರುಕ್ಷಿ, ನಾಗು.

ಪದ್ಮಾಕ್ಷಿಯವರು ಸೀಸೆಯ ಬಾಯಿಗೆ ಒತ್ತಿದ್ದ, ಈಗ ಮೇಜಿನ ಮೇಲಿದ್ದ ಅರಗಿನ ಮುದ್ರೆಯನ್ನು ಎತ್ತಿ ಹಿಡಿದರು. ದುಂಡಗೆ, ಇಡಿಯಾಗಿ ಇತ್ತು. ಮುದ್ರೆಯ ಅಚ್ಚು, ಅರಗಿನ ಕಡ್ಡಿ ಬೆಳಗಿನಿಂದ ಮೇಜಿನ ಮೇಲೇ ಬಿದ್ದಿದ್ದವು.

"ಇದನ್ನು ಒಡೆದವರು ಯಾರು?"

"ಒಡೆಯಲೇ ಇಲ್ಲ. ನಾನು ಬೆರಳು ತಾಗಿಸಿದೆ, ಇಡಿಯಾಗಿ ಕಳಚಿ ಬಿತ್ತು," ಎಂದರು ದಿಲ್ರುಕ್ಷಿ ಇಂಗ್ಲಿಷಿನಲ್ಲಿ.

"ಓಹೋ!" ಪದ್ಮಾಕ್ಷಿಯವರ ಕಣ್ಣು ಹೊಳೆಯಿತು. ಅವರು ಕಪಾಟಿನೊಳಗೆ ಇಣುಕಿದರು. ಸೀಸೆ ಇಟ್ಟಿದ್ದ ಜಾಗದ ಪಕ್ಕದಲ್ಲೇ ರಬ್ಬರ್ ಕೈಗವಸಿನ ಡಬ್ಬಿ ತೆರೆಯದೆ ಕೂತಿತ್ತು. ನಂತರ ದೇವರ ಪಟದ ಮುಂದಿನ ಹಣತೆಗೆ ಬೆರಳು ಹಾಕಿದರು. ಅದು ನಂದಿ, ತಳ ಒಣಗಿತ್ತು.

"ಹೊಳ್ಳರೆ, ದೀಪ ಯಾವಾಗ ಹಚ್ಚಿದ್ದ್?"

"ಬೆಳಿಗ್ಗೆ ನಾನೇ ಭರ್ತಿ ತೆಂಗಿನೆಣ್ಣೆ ಹಾಕಿ ಹಚ್ಚಿದ್ದ್. ಸಂಜೆವರಿಗೆ ಉರೂದ್ ಅದ್. ಈಗ ದೀಪದ ವಿಚಾರ ಎಂತಕ್ಕೆ ಮಾರ್ರೆ? ರೈಲಿಗೆ ಹೊತ್ತಾಯ್ತ್!"

"ಬೆಳಿಗ್ಗೆ ಮುದ್ರೆ ಒತ್ತಿದ್ದ್ ಯಾರ್?"

"ನಾಗು. ಸೀಸೆ ಕುತ್ತಿಗೆಗೆ ಬೂದಿ ಉಜ್ಜಿ, ಒರೆಸಿ, ಆಮೇಲೆ ಅರಗು ಹಾಕಿದ್ಳ್. ನಾವೆಲ್ಲ ಕಂಡಿತ್."

ಪದ್ಮಾಕ್ಷಿಯವರು ದುಗ್ಗಪ್ಪನ ಕಿವಿಯಲ್ಲಿ ಏನೋ ಹೇಳಿದರು. ಹತ್ತು ನಿಮಿಷದಲ್ಲಿ ಅವನು ಅಂಗಳದಲ್ಲಿ ಮೇಜು ಹಾಕಿ, ಕೈಗವಸು, ನಾಗು ಬೀಜ ಒಡೆಯುವ ಮಣೆಯ ಪಕ್ಕದಿಂದ ತಂದ ತೆಂಗಿನೆಣ್ಣೆಯ ಬಟ್ಟಲು, ನಾಲ್ಕು ಖಾಲಿ ಸೀಸೆ ಮತ್ತು ಸಿಪ್ಪೆ ಎಣ್ಣೆಯ ಕ್ಯಾನು ಜೋಡಿಸಿಟ್ಟ. ಯಾಕೆಂದು ಅವನಿಗೂ ಗೊತ್ತಿರಲಿಲ್ಲ. ಆದರೆ ಗೊತ್ತಿದ್ದವನ ಹಾಗೆ ಮುಖ ಬಿಗಿದು ನಿಂತ. ಕೆಲಸದ ಹೆಂಗಸರೆಲ್ಲ ಸುತ್ತ ಸೇರಿದರು.

"ಒಪ್ಪಂದ ಉಳಿಯುತ್ತದೆ!" ಎಂದು ಪದ್ಮಾಕ್ಷಿಯವರು ಘೋಷಿಸಿದರು. "ಹೊಸ ಮಾದರಿ ಬೇಕು. ನಾಲ್ವರೂ ಒಂದೊಂದು ಸೀಸೆ ತುಂಬಿ. ಬೇಗ, ಬೇಗ, ಮುಕ್ಕಾಲು ಗಂಟೆಯಲ್ಲಿ ದಿಲ್ರುಕ್ಷಿ ಹೊರಡಬೇಕು!"

ದಿಲ್ರುಕ್ಷಿ ಕೈಗವಸು ಹಾಕಿಕೊಂಡು ತುಂಬಿದರು. ಹೊಳ್ಳರು ಗಡಿಬಿಡಿಯಲ್ಲಿ ಎರಡೂ ಎಡಗೈಯ ಗವಸೇ ಹಾಕಿಕೊಂಡು ತುಂಬಿದರು. ಪ್ರೇಮಾನಂದ ಗಡಿಯಾರ ನೋಡುತ್ತ ಮುಂದೆ ಬಂದ. ಅವನ ಬಲಗೈಯ ಬೆರಳುಗಳು ತಾವಾಗಿಯೇ ಬಟ್ಟಲಿಗೆ ಇಳಿದವು. ಬೆರಳ ಸಂದಿ, ಉಗುರಿನ ಬುಡ, ಮುಂಗೈ, ಮಣಿಕಟ್ಟು ಎಂದು ಎಣ್ಣೆ ಸವರಿಕೊಂಡು ಸೀಸೆಗೆ ಕೈ ಹಾಕಿದ.

"ನಿಲ್ಲಿ!"

ಪ್ರೇಮಾನಂದ ತನ್ನ ಕೈಯನ್ನೇ ನೋಡಿಕೊಂಡ.

"ಗೇರುಬೀಜ ಪ್ಲೇಟಿನಲ್ಲಿ ಮಾತ್ರ ನೋಡಿದವರಿಗೆ ಈ ವಿದ್ಯೆ ಎಲ್ಲಿಂದ ಬಂತು?" ಎಂದರು ಪದ್ಮಾಕ್ಷಿಯವರು. "ಕೇಳಿ ಎಲ್ಲರೂ. ನಾನು ಸಾವಿರಾರು ಅಂಚೆ ಚೀಲಗಳಿಗೆ ಅರಗು ಒತ್ತಿದವಳು. ಸರಿಯಾಗಿ ಹಿಡಿದ ಅರಗು ತೆಗೆಯುವಾಗ ಚೂರುಚೂರಾಗುತ್ತದೆ. ಇಡಿಯಾಗಿ ಕಳಚಿತೆಂದರೆ ಗಾಜಿಗೆ ಜಿಡ್ಡು ತಾಗಿತ್ತು. ಅಂದರೆ ಬೆಳಗಿನ ಮುದ್ರೆಯನ್ನು ಒಡೆದು, ನೀರು ಬೆರೆಸಿ, ಎಣ್ಣೆಗೈಯಲ್ಲಿ ಹೊಸ ಮುದ್ರೆ ಒತ್ತಿದ್ದಾರೆ. ಸಿಪ್ಪೆ ಎಣ್ಣೆ ಚರ್ಮ ಸುಡುತ್ತದೆ. ಹೊರಗಿನವರಾದರೆ ಕಪಾಟಿನಲ್ಲೇ ಇದ್ದ ಕೈಗವಸು ತೆಗೆಯುತ್ತಿದ್ದರು. ಕೈ ಸುಡದಂತೆ ಸವರಲು ತೆಂಗಿನೆಣ್ಣೆ ಹುಡುಕುವುದು ಬೀಜ ಒಡೆಯುವುದನ್ನು ಮಣೆಯ ಬಳಿ ಕಲಿತ ಕೈ ಮಾತ್ರ."

"ಹಂಗಾರೆ ನಾಗುವೂ ಮಾಡಿರ್ಲಕ್ಕಲ್ದಾ?" ಎಂದು ಹೊಳ್ಳರು ಕೇಳಿದರು.

"ಅವಳ ಮಣೆ ಪಕ್ಕ ಈ ಬಟ್ಟಲು ಇತ್ತಲ್ಲ! ದೇವರ ಹಣತೆ ಬರಿದು ಮಾಡೂದ್ ಎಂತಕ್ಕೆ? ಮೇಲಾಗಿ ಎಣ್ಣೆಗೈ ತಾಗಿದ ಗಾಜಿಗೆ ಅರಗು ನಿಲ್ಲೂದಿಲ್ಲ ಅಂದ್ ಗೊತ್ತಿದ್ದೇ ಅವ್ಳ್ ಬೂದಿ ಉಜ್ಜಿದ್ದ್. ಕಳ್ಳನೂ ಅದನ್ನ್ ಕಂಡಿದ. ಎಂತಕ್ಕೆ ಅಂದ್ ಅವನಿಗೆ ತಿಳೀಲಿಲ್ಲ. ಬೀಜ ಒಡೂಕೆ ಕಲ್ತವ, ಮುದ್ರೆ ಒತ್ತೂಕೆ ಕಲೀಲಿಲ್ಲ. ಈಗ ಹೇಳಿ ಪ್ರೇಮಾನಂದ, ಸೇಠಿಗೆ ಸಂಜೆ ಎಂತ ತಿಳಿಸ್ತಿದ್ರಿ?"

ಪ್ರೇಮಾನಂದ ಸೀಸೆಯನ್ನು ಮೇಜಿನ ಮೇಲಿಟ್ಟ. ಮುಂಬೈಯ ಬಣ್ಣದ ಕಂಪನಿಯೊಂದಕ್ಕೆ ಈ ಎಣ್ಣೆಯೆಲ್ಲ ಬೇಕಿತ್ತು. ಲಂಕೆಯ ಒಪ್ಪಂದ ಮುರಿದರೆ ಅಲ್ಲಿ ಅವನಿಗೆ ದೊಡ್ಡ ಹುದ್ದೆ ಸಿಗುವುದಿತ್ತು. ಬಾಯಿ ಬಿಟ್ಟು ಎಲ್ಲ ಹೇಳಿದ.

ನಾಗು ಮೆಲ್ಲಗೆ ಅವನ ಹತ್ತಿರ ಬಂದಳು. ಬೈಯುತ್ತಾಳೆಂದು ದುಗ್ಗಪ್ಪ ಕಾದ. ಅವಳು ಅವನ ಕೈಯನ್ನೇ ನೋಡುತ್ತಿದ್ದಳು.

"ನೀ ಬೈಂದೂರಿನ ಅಪ್ಪಿ ಮಗ ಅಲ್ದಾ? ಕಿರುಬೆರಳಿಂದ ಸುರು ಮಾಡಿ ಸವರೂದ್ ಅವ್ಳ್ ಒಬ್ಳೇ. ನಾ ಇಲ್ಲಿಗೆ ಬಪ್ಪುಕ್ ಮುಂಚೆ, ಬೈಂದೂರಿನ ಆ ಮುಚ್ಚಿಹೋದ ಕಾರ್ಖಾನೆಯೊಳ್ಗೆ ನನ್ ಬದಿಗೇ ಕೂತ್ಕಂತಿದ್ಳ್. ಶಾಲೆ ಬಿಟ್ ಕೂಡ್ಲೆ ನೀ ಬಂದ್ ಮಣೆ ಹತ್ರ ಕೂಕಂಬುದಿತ್ತ್."

ಅವನು ಹೌದೆಂದು ತಲೆಯಾಡಿಸಿದ. ಮುಖ ಎತ್ತಲಿಲ್ಲ.

"ನಿನ್ನ ಕೈ ಸುಡೂದ್ ಬ್ಯಾಡ ಅಂದ್ ಕಲ್ಸಿದ್ಳ್ ಮಗಾ ನಿನ್ನ ಹೆತ್ತ ಅಬ್ಬಿ. ನನ್ ಅನ್ನ ಸುಡ್ ಅಂದ್ ಅಲ್ಲ."

ಆ ಮಾತಿಗೆ ಅವನು ಎಣ್ಣೆಗೈಯಲ್ಲೇ ಮುಖ ಮುಚ್ಚಿಕೊಂಡು ಅತ್ತ. ಹೊಳ್ಳರು ನಾಗುವಿನ ಎದುರು ಕೈ ಜೋಡಿಸಿದರು. "ತಪ್ಪಾಯ್ತ್ ನಾಗು," ಎಂದರು.

ದಿಲ್ರುಕ್ಷಿ ತಾವೇ ತುಂಬಿದ ಎಣ್ಣೆಯನ್ನು ಒಲೆಗೆ ಹಾಕಿದರು. ಈ ಸಲ ಉರಿ ಭಗ್ಗನೆ ಎದ್ದಿತು. ಹೆಂಗಸರ ಕೂಗು ರಸ್ತೆಯವರೆಗೆ ಕೇಳಿತು. ಕೊಲಂಬೊಗೆ ಒಯ್ಯುವ ಸೀಸೆಯ ಕುತ್ತಿಗೆಗೆ ನಾಗು ಬೂದಿ ಉಜ್ಜಿ, ಒರೆಸಿ, ಅರಗು ಸುರಿದಳು. ದಿಲ್ರುಕ್ಷಿ ಮುದ್ರೆಗೆ ಉಗುರು ಹಾಕಿ ಎಳೆದರು. ಜಪ್ಪಯ್ಯ ಎಂದರೂ ಅದು ಕದಲಲಿಲ್ಲ. ನಗುತ್ತಾ ಕಾಗದಕ್ಕೆ ಸಹಿ ಹಾಕಿದರು.

ಅತಿಥಿಯನ್ನು ಕುಂದಾಪುರದ ರೈಲು ನಿಲ್ದಾಣಕ್ಕೆ ಮುಟ್ಟಿಸಿದ್ದು ದುಗ್ಗಪ್ಪನ ರಿಕ್ಷಾವೇ. ಹನ್ನೆರಡನೆಯ ಪ್ರಕರಣವೂ ಅವನ ಲೆಕ್ಕಕ್ಕೆ ಸೇರಿತು. ಅವನು ಹೊರಡುವಾಗ ನಾಗು ಆಫೀಸಿನೊಳಗೆ ಇದ್ದಳು. ತನ್ನ ಬಟ್ಟಲಲ್ಲಿ ಉಳಿದಿದ್ದ ಎಣ್ಣೆಯನ್ನು ದೇವರ ಹಣತೆಗೆ ಹೊಯ್ದು ಬತ್ತಿ ಹಚ್ಚುತ್ತಿದ್ದಳು.