ಪಟ್ಟೆ ತಾರತಮ್ಯ

ಜಿಲ್ಲಾ ಆಸ್ಪತ್ರೆಯ ಮಿದುಳುದರ್ಶಕ ಗುಂಯ್‌ ಎನ್ನುತ್ತ ಕೆಲಸ ಮಾಡುತ್ತಿತ್ತು. ಅದರ ಉಂಗುರದೊಳಗೆ ಒಂದು ನಿಮಿಷ ತಲೆಯಿಟ್ಟರೆ ಸಾಸಿವೆಯಷ್ಟು ಗಡ್ಡೆಯೂ ಪರದೆಯ ಮೇಲೆ ಕಾಣುತ್ತಿತ್ತು. ಅದರ ಜೀವಾಳವೆಂದರೆ ಅತಿವಾಹಕದ, ಅಂದರೆ ವಿದ್ಯುತ್ತನ್ನು ಕಿಂಚಿತ್ತೂ ತಡೆಯದ ವಸ್ತುವಿನ, ಒಂದು ಬಿಲ್ಲೆ. ಅತಿವಾಹಕದಲ್ಲಿ ಇಲೆಕ್ಟ್ರಾನುಗಳು ಜೋಡಿಯಾಗಿ ಸಾಗುತ್ತವೆ. ಕಾಂತಕ್ಷೇತ್ರ ಬಲವಾದರೆ ಜೋಡಿಗಳು ಮುರಿದುಬೀಳುತ್ತವೆ. ಈ ಬಿಲ್ಲೆ ಮಾತ್ರ ಮಹಾ ಜಾಣ. ಒಂದು ಪಟ್ಟೆಯಲ್ಲಿ ಜೋಡಿಗಳನ್ನು ದಟ್ಟವಾಗಿ ಉಳಿಸಿಕೊಂಡು, ಪಕ್ಕದ ಪಟ್ಟೆಯನ್ನು ಕಾಂತಕ್ಷೇತ್ರಕ್ಕೆ ಬಿಟ್ಟುಕೊಟ್ಟು, ಹೇಗೋ ಹೊಂದಿಕೊಂಡು ಬಾಳುತ್ತಿತ್ತು. ಹನ್ನೆರಡು ವರ್ಷ ದುಡಿದು ಇದನ್ನು ರೂಪಿಸಿದ ಡಾ. ಪದ್ಮಜಾ ಕಟಗೇರಿ ಇದಕ್ಕೆ ಪಟ್ಟೆಸ್ಥಿತಿ ಎಂದು ಹೆಸರಿಟ್ಟಿದ್ದರು.

ಆ ದಿನ ವಾರ್ಷಿಕ ತಪಾಸಣೆ. ತಪಾಸಣಾಧಿಕಾರಿ ಗೋಪಿನಾಥರಾಯರು ಆಕ್ಷೇಪಣೆ ಇಲ್ಲದ ವರದಿಯನ್ನು ಜನ್ಮದಲ್ಲಿ ಬರೆದವರಲ್ಲ. ಪರದೆಯ ಮೇಲೆ ಬಿಲ್ಲೆಯ ಚಿತ್ರ ಕಂಡದ್ದೇ ಅವರ ಮುಖ ಅರಳಿತು.

"ಸರ್ಕಾರಿ ವಸ್ತುವಿನಲ್ಲಿ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಇರೋ ಹಾಗಿಲ್ಲ ಡಾಕ್ಟ್ರೇ. ಇದು ತಾರತಮ್ಯ. ಸಮ ಮಾಡಿಸಿ."

ಬಿಲ್ಲೆಯನ್ನು ಎರಡು ಡಿಗ್ರಿ ವಾಲಿಸಿದರೆ ಪಟ್ಟೆಗಳು ಹೋಗುತ್ತವೆ, ಆದರೆ ಅವುಗಳ ಜೊತೆಗೆ ಅತಿವಾಹಕತೆಯೂ ಹೋಗುತ್ತದೆ ಎಂದು ಪದ್ಮಜಾ ಬಿಡಿಸಿ ಹೇಳಿದರು. ರಾಯರ ಕಿವಿಗೆ ವಾಕ್ಯದ ಮೊದಲರ್ಧವಷ್ಟೇ ಬಿತ್ತು. ಲಿಖಿತ ಆದೇಶ ಕೊಟ್ಟರು. ಅಮಾನತಿಗೆ ಹೆದರಿದ ತಂತ್ರಜ್ಞ ಬಿಲ್ಲೆಯನ್ನು ವಾಲಿಸಿದ. ಪಟ್ಟೆಗಳು ಅಳಿಸಿಹೋದವು, ಗುಂಯ್‌ ಸದ್ದೂ ನಿಂತಿತು.

"ಎಲ್ಲೆಡೆ ಸಮವಾಗಿದೆ" ಎಂದು ರಾಯರು ಷರಾ ಬರೆದರು. ಅದು ಸುಳ್ಳೇನೂ ಆಗಿರಲಿಲ್ಲ, ಎಲ್ಲೆಡೆ ಸೊನ್ನೆಯೇ ಇತ್ತು. ಸಂತುಷ್ಟಗೊಂಡ ಇಲಾಖೆ ಈ ಸುಧಾರಣೆಯನ್ನು ಎಲ್ಲ ಜಿಲ್ಲೆಗಳಲ್ಲೂ ಜಾರಿಗೊಳಿಸಲು ನಿರ್ಧರಿಸಿತು.

ಯಂತ್ರದ ಮುಂದಿನ ಸರದಿ ಕಾಶವ್ವನ ಗಂಡ ಮುದಕಪ್ಪನದಾಗಿತ್ತು. ತಿಂಗಳಿಂದ ಅವನಿಗೆ ಫಿಟ್ಸ್‌ ಬರುತ್ತಿತ್ತು, ಬಲಗೈ ಏಳುತ್ತಿರಲಿಲ್ಲ. ಚಿತ್ರವಿಲ್ಲದೆ ತಲೆಗೆ ಕತ್ತಿ ಹಾಕುವುದಿಲ್ಲ ಎಂದು ಶಸ್ತ್ರಚಿಕಿತ್ಸಕರು ಕಡ್ಡಿ ಮುರಿದಂತೆ ಹೇಳಿದ್ದರು. ವಾಲಿಸಿದ್ದನ್ನು ಸರಿಪಡಿಸಿದರೂ, ಬಿಸಿಯೇರಿದ ಬಿಲ್ಲೆ ಮತ್ತೆ ತಣ್ಣಗಾಗಿ ಪಟ್ಟೆ ಕಟ್ಟಲು ಮೂರು ತಿಂಗಳು ಬೇಕೆಂದು ಹೇಳುವಾಗ ಪದ್ಮಜಾರ ಕಣ್ಣು ತುಂಬಿತು.

ಕಾಶವ್ವ ಅಳಲಿಲ್ಲ. "ಬಾಜೂ ಜಿಲ್ಲಾದಾಗಿನ ಮಿಷನ್ನು ಚಲೋ ಐತೇನ್ರಿ, ಅಕ್ಕಾರ?" ಎಂದಳು.

"ಆದೇಶ ಮುಟ್ಟೋತನಕ ಚಲೋ ಇರ್ತದವಾ."

ಆದೇಶಕ್ಕೆ ಮೊದಲು ಹದಿನೇಳು ಮಂದಿ ಸಹಿ ಹಾಕಬೇಕಿತ್ತು. ಕಾಶವ್ವ ಗಂಡನನ್ನು ಬಸ್ಸಿಗೆ ಹತ್ತಿಸಿಕೊಂಡು ಹೋಗಿ ಅಲ್ಲಿ ಒಂಬತ್ತು ದಿನ ಸರದಿ ಕಾದಳು. ವಿಧವಾ ಪಿಂಚಣಿಗಾಗಿ ಅತ್ತೆಯನ್ನು ನಾಲ್ಕು ವರ್ಷ ಅಲೆಸಿದ ಕಚೇರಿಗಳಿಗೆ ಹಿಡಿಶಾಪ ಹಾಕಿದ್ದವಳು, ಈಗ ಅವೇ ಕಚೇರಿಗಳು ಇನ್ನಷ್ಟು ನಿಧಾನಿಸಲಪ್ಪಾ ಎಂದು ದಿನವೂ ಕೈಮುಗಿದಳು. ಹತ್ತನೆಯ ದಿನ ಚಿತ್ರ ಸಿಕ್ಕಿತು. ಗಡ್ಡೆ ಅಂಚಿನಲ್ಲೇ ಇದೆ, ತೆಗೆಯಬಹುದು ಎಂದರು ವೈದ್ಯರು. ಅವಳಿಗೆ ಹೋದ ಜೀವ ಬಂದಂತಾಯಿತು.

ಚಿತ್ರವನ್ನು ಎದೆಗವಚಿಕೊಂಡು ಹೊರಬಂದಾಗ ಬೆಂಚುಗಳ ಮೇಲೆ ಇನ್ನೂ ನಲವತ್ತು ಮಂದಿ ಕಾಯುತ್ತಿದ್ದರು. ಅರಗಿನ ಮುದ್ರೆಯ ಲಕೋಟೆ ಹಿಡಿದ ಜವಾನನೊಬ್ಬ ಬಂದು, ಜರೂರು ಆದೇಶ, ದೊಡ್ಡ ಸಾಹೇಬರ ಕೈಗೇ ಕೊಡಬೇಕು, ಅವರ ಕೋಣೆ ಯಾವುದು ಎಂದು ಕೇಳಿದ. ಕೋಣೆ ಅವಳ ಬೆನ್ನ ಹಿಂದೆಯೇ ಇತ್ತು. ಒಳಗೆ ಸಾಹೇಬರು ಕೆಮ್ಮುತ್ತಿದ್ದರು.

ಕಾಶವ್ವ ಬಾಗಿಲಿಗೆ ಅಡ್ಡವಾಗಿ ನಿಂತಳು.

"ಸಾಹೇಬ್ರು ಸೀಟಿನ್ಯಾಗ ಇಲ್ಲಪಾ. ಮುಂದಿನ ವಾರ ಬಾ."

ಜವಾನ ಲಕೋಟೆಯನ್ನು ಮತ್ತೆ ಚೀಲಕ್ಕೆ ಸೇರಿಸಿ ಹೊರಟುಹೋದ.